ಮುಖವನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು

ಜನವರಿ ೧೪

ಪೆಟ್ಟಿಗೆ ಸಾಹೇಬರೇ,

ಬಂದರಿನಲ್ಲಿ ಕುಳಿತು ಲೋಕದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡುವ ತಮಗೆ ಹೆಂಡತಿಯ ಲಕೋಟೆ ಬಿಚ್ಚಲು ಪುರುಸೊತ್ತಿಲ್ಲ ಎಂದು ತಿಳಿಯಬೇಕೋ, ಅಥವಾ ಕಾಗದವೇ ತಲುಪಿಲ್ಲ ಎಂದು ತಿಳಿಯಬೇಕೋ? ಎರಡು ದೇಶಗಳೂ ಮುನಿಸಿಕೊಂಡು ಒಂದರ ಫೋನು ಇನ್ನೊಂದಕ್ಕೆ ಹೋಗದಂತೆ ಮಾಡಿದ ಮೇಲೆ ನಮಗೆ ಕಾಗದ ಬಿಟ್ಟರೆ ಗತಿಯಿಲ್ಲ. ಅದರಲ್ಲಿ ಒಂದು ಫೋಟೋ ಇಟ್ಟರೂ ಸಾಕು, ತನಿಖೆಗೆ ಹೋದ ಲಕೋಟೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ಗುಬ್ಬಿಯನ್ನು ನನ್ನ ದಾರಿಯಲ್ಲೇ ಕಳಿಸಿದ್ದೇನೆ. ಈ ಸಲದ ಸರಕು ನಿಮ್ಮ ಬಂದರಿಗೆ ಬಂದಾಗ ಕಂಟೇನರಿನ ಬಾಗಿಲ ಹತ್ತಿರದ ರಟ್ಟಿನ ಪೆಟ್ಟಿಗೆಯಲ್ಲಿ ಕೆಳಸಾಲಿನ ಎಡಮೂಲೆ ನೋಡು. ಉಳಿದ ಬೊಂಬೆಗಳಿಗೆಲ್ಲ ಕಾರ್ಖಾನೆಯ ಅದೇ ಹಲ್ಕಿರಿತ, ಅದೊಂದಕ್ಕೆ ಮಾತ್ರ ನಾನು ಬರೆದ ನಮ್ಮ ಮಗಳ ಮುಖ. ಗುರುತು ನಿನಗೆ ಗೊತ್ತೇ ಇದೆ, ಎಡಕಿವಿಯ ಕೆಳಗೆ ಹುಟ್ಟುಮಚ್ಚೆ. ಈ ಸಲ ಹಣೆಯ ಮೇಲೆ ಒಂದು ಗೀರೂ ಇದೆ. ಕುರ್ಚಿಯ ಮೇಲೆ ಕುರ್ಚಿ ಇಟ್ಟು ಹತ್ತಿ ಕಪಾಟಿನೊಳಗೆ ಇಣುಕಲು ಹೋಗಿ ಬಿದ್ದಳು. ನೀನು ಹೋಗುವಾಗ ಅಂಬೆಗಾಲಿಡುತ್ತಿದ್ದವಳು ಈಗ ಶಾಲೆಯಲ್ಲಿ ಮೇಷ್ಟರಿಗೇ ಪಾಠ ಹೇಳುತ್ತಾಳೆ. ಅತ್ತೆ, ಅಂದರೆ ನಿಮ್ಮ ತಾಯಿಯವರು, ಇವಳು ಥೇಟ್ ನಿನ್ನ ಹಾಗೆಯೇ ಎಂದು ದಿನಕ್ಕೊಮ್ಮೆ ಹೇಳಿ ನನ್ನನ್ನು ಉರಿಸುತ್ತಾರೆ.

ಕಾರ್ಖಾನೆಯಲ್ಲಿ ಎಲ್ಲರ ಮುಖ ಬಾಡಿದೆ. ನಿಮ್ಮ ದೇಶ ಬೊಂಬೆಗಳ ಮೇಲಿನ ಸುಂಕವನ್ನು ಒಂದೇ ಏಟಿಗೆ ದುಪ್ಪಟ್ಟು ಮಾಡಿದೆಯಂತಲ್ಲ. ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ನಾವು ಹೆಚ್ಚು ಮಾರುತ್ತೇವೆ, ನೀವು ಹೆಚ್ಚು ಕೊಳ್ಳುತ್ತೀರಿ, ಇದು ಯಾರ ತಪ್ಪು? ಕೊಳ್ಳಲೇಬೇಕು ಎಂದು ನಾವೇನು ನಿಮ್ಮ ಕೈ ಹಿಡಿದಿದ್ದೆವೆ?

ಬೇಗ ಬರೆ. ಗುಬ್ಬಿ ಚೆನ್ನಾಗಿದ್ದಾಳೆಯೇ ಎಂದು ನೀನೇ ನೋಡಿ ನನಗೆ ತಿಳಿಸು.

ನಿನ್ನ ಬಣ್ಣದವಳು


ಫೆಬ್ರವರಿ ೯

ಬಣ್ಣದವಳೇ,

ಬೈಗುಳ ಕ್ಷೇಮವಾಗಿ ತಲುಪಿತು. ಅದಕ್ಕೂ ಹಿಂದಿನ ಕಾಗದಗಳು ಬಂದಿಲ್ಲ. ಅವುಗಳಲ್ಲಿಯೂ ಬೈದಿದ್ದರೆ ಇನ್ನೊಮ್ಮೆ ಬರೆ, ಒಂದೂ ತಪ್ಪಿಹೋಗಬಾರದು.

ಗುಬ್ಬಿ ಸಿಕ್ಕಳು. ನೀನು ಹೇಳಿದ ಮೂಲೆಯಲ್ಲೇ ಇದ್ದಳು. ಹಣೆಯ ಗೀರು ನೋಡಿ ಅಲ್ಲೇ ಬೈಯಬೇಕು ಅನ್ನಿಸಿತು, ಪಕ್ಕದಲ್ಲಿ ಜನ ಇದ್ದರು. ತನಿಖೆಗೆ ಬಿಚ್ಚಿದ ಬೊಂಬೆ ಮತ್ತೆ ಅಂಗಡಿಗೆ ಹೋಗುವಂತಿಲ್ಲ, ಕಸಕ್ಕೆ ಹೋಗಬೇಕು. ಕಸಕ್ಕೆ ಹೋಗುವ ದಾರಿಯಲ್ಲಿ ಅದು ನನ್ನ ಕೋಣೆಗೆ ಬರುತ್ತದೆ. ಕಿಟಕಿಯ ಪಕ್ಕದ ಹಲಗೆಯ ಮೇಲೆ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದೇನೆ. ಬೊಚ್ಚುಬಾಯಿಯಿಂದ ಹಿಡಿದು ಹಣೆಯ ಗೀರಿನವರೆಗೆ ಎಲ್ಲ ಗುಬ್ಬಿಗಳೂ ನನ್ನ ಮಂಚದ ಕಡೆಗೇ ನೋಡುತ್ತಿರುತ್ತಾರೆ.

ಇಲ್ಲಿನ ಕೆಲಸ ಹೇಗೆಂದು ಹಿಂದೊಮ್ಮೆ ಕೇಳಿದ್ದೆಯಲ್ಲ. ನಿಮ್ಮ ಕಡೆಯಿಂದ ಕಂಟೇನರುಗಳು ತುಂಬಿ ಬರುತ್ತವೆ, ಇಲ್ಲಿಂದ ಖಾಲಿ ಹೋಗುತ್ತವೆ. ಖಾಲಿಯವನ್ನೂ ನಾನೇ ನೋಡಬೇಕು. ಒಳಗೆ ಹೋಗಿ ನಿಲ್ಲುತ್ತೇನೆ, ಹೊರಗಿನವರು ಬಾಗಿಲು ಮುಚ್ಚುತ್ತಾರೆ. ತಗಡಿನಲ್ಲಿ ತೂತಿದ್ದರೆ ಕತ್ತಲಲ್ಲಿ ಬೆಳಕಿನ ಚುಕ್ಕೆ ಕಾಣಿಸುತ್ತದೆ, ಅದಕ್ಕೆ ಸುಣ್ಣದ ಗುರುತು ಹಾಕಿ ಬಾಗಿಲು ಬಡಿದರೆ ತೆಗೆಯುತ್ತಾರೆ. ಅಲ್ಲಿ ನಿಂತಾಗ ಒಳಗಿರುವುದು ನನ್ನೊಬ್ಬನದೇ ಉಸಿರೋ ಎಂದು ಒಮ್ಮೊಮ್ಮೆ ಕಿವಿಗೊಡುತ್ತೇನೆ. ಒಂದು ಕಾಲದಲ್ಲಿ ಈ ಊರಿನಿಂದಲೇ ಲೋಕಕ್ಕೆಲ್ಲ ಸಾಮಾನು ಹೋಗುತ್ತಿತ್ತಂತೆ. ಈಗ ಬಾಗಿಲ ಚಿಲಕವೂ ನಿಮ್ಮ ಕಡೆಯದು. ಕ್ರೇನ್ ನಡೆಸುವ ಅಜ್ಜ ಖಾಲಿ ಪೆಟ್ಟಿಗೆ ಎತ್ತುವಾಗಲೆಲ್ಲ ಹೇಳುತ್ತಾನೆ: "ನಾವು ಅವರಿಗೆ ಗಾಳಿ ಮಾರ್ತಿದೀವಿ ಕಣಯ್ಯ. ಸುಮ್ನೆ ಗಾಳಿ ಯಾರು ಎಷ್ಟು ದಿನ ತಗೋತಾರೆ?"

ಇನ್ನು ನಿನ್ನ ಮಾಲೀಕರಿಗೆ ಒಂದು ಸಿಹಿಸುದ್ದಿ. ಸುಂಕ ನಿರ್ಧರಿಸುವ ಕನ್ನಡಕದ ಮೇಡಂ ನಮ್ಮ ಶೆಡ್ಡಿಗೆ ಬಂದಿದ್ದರು. ಒಂದು ಬೊಂಬೆಯ ಮುಖಕ್ಕೆ ಅಂಗೈ ಅಡ್ಡ ಹಿಡಿದು, "ಮುಖ ಇದ್ರೆ ಬೊಂಬೆ. ಇಲ್ದಿದ್ರೆ ಬರೀ ಸಾಮಾನು," ಅಂದರು. ಸಾಮಾನಿಗೆ ಹಳೆಯ ಸುಂಕವೇ. ಮುಖವಿಲ್ಲದೆ ಕಳಿಸಿದರೆ ಇಲ್ಲಿಯ ಕಂಪನಿಯವರೇ ಯಂತ್ರದಲ್ಲಿ ಮುಖ ಹಾಕಿಕೊಳ್ಳುತ್ತಾರಂತೆ. ಕಾರ್ಖಾನೆ ಉಳಿದರೆ ನಿನ್ನ ಕೆಲಸವೂ ಉಳಿಯುತ್ತದೆ. ಇವತ್ತೇ ಹೇಳಿಬಿಡು.

ನಿನ್ನವನು


ಮಾರ್ಚ್ ೨೦

ಸಾಹೇಬರೇ,

ಹೇಳಿದೆ. ಮಾಲೀಕರು ಕುರ್ಚಿಯಿಂದ ಜಿಗಿದೆದ್ದರು. ಅದೇ ವಾರ ಬಣ್ಣದ ವಿಭಾಗಕ್ಕೆ ಬೀಗ ಬಿತ್ತು. ಮುಖವೇ ಬೇಡವಾದ ಮೇಲೆ ಮುಖ ಬರೆಯುವವರು ಯಾಕೆ? ನನ್ನ ಜೊತೆಗಿದ್ದ ಹೆಂಗಸರೆಲ್ಲ ಬಾಚಣಿಗೆ, ಲೋಟ, ಚಪ್ಪಲಿ ಎತ್ತಿಕೊಂಡು ಹೋದರು. ಸುದ್ದಿ ತಂದವಳೆಂದು ನನ್ನೊಬ್ಬಳನ್ನು ಉಳಿಸಿಕೊಂಡು ಪ್ಯಾಕಿಂಗಿಗೆ ಹಾಕಿದ್ದಾರೆ. ಹೋಗುವಾಗ ಅವರು ಯಾರೂ ನನ್ನ ಕಡೆ ನೋಡಲಿಲ್ಲ. ನಿನ್ನನ್ನು ದೂರುತ್ತಿಲ್ಲ. ನೀನು ಒಳ್ಳೆಯದಕ್ಕೇ ಹೇಳಿದೆ, ನಾನು ಒಳ್ಳೆಯದಕ್ಕೇ ದಾಟಿಸಿದೆ.

ಈಗ ಮೇಜಿನ ಮೇಲೆ ಸಾಲಾಗಿ ಬೋಳು ತಲೆಗಳು. ಕಣ್ಣಿಲ್ಲ, ಮೂಗಿನ ಉಬ್ಬು ಮಾತ್ರ ಇದೆ. ಎದುರು ಕೂತು ಊಟ ಮಾಡಲಾಗುವುದಿಲ್ಲ ಎಂದು ಪ್ಯಾಕಿಂಗಿನವರು ಎಲ್ಲವನ್ನೂ ಗೋಡೆಗೆ ತಿರುಗಿಸಿ ಇಡುತ್ತಾರೆ. ಅದು ಇನ್ನೂ ಕೆಟ್ಟದು. ಎಲ್ಲವೂ ಸಿಟ್ಟು ಮಾಡಿಕೊಂಡು ಕೂತ ಹಾಗೆ ಕಾಣುತ್ತವೆ.

ಸರಕಿನ ಜೊತೆ ಒಂದು ಹೊಸ ಸರ್ಕಾರಿ ನಮೂನೆ ಬೇರೆ ತುಂಬಿ ಕಳಿಸಬೇಕು. ನಮ್ಮ ಕಡೆಯ ಕಚೇರಿಯದೋ ನಿಮ್ಮ ಕಡೆಯದೋ ಗೊತ್ತಿಲ್ಲ, ಭಾಷೆ ಮಾತ್ರ ಕಲ್ಲಿನ ಹಾಗಿದೆ. "ಸದರಿ ಸರಕಿಗೆ ಮುಖವಿರುವುದಿಲ್ಲ. ಮುಖವನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು." ಅದರ ಕೆಳಗೆ "ಮುಖದ ಮಾದರಿಯ ಹೆಸರು" ಎಂದು ಒಂದು ಖಾಲಿ ಜಾಗ. ನಮ್ಮ ಮಾದರಿಗೆ ಹೆಸರೆಲ್ಲಿದೆ? ಮಾಲೀಕರನ್ನು ಕೇಳಿದರೆ, "ಏನಾದ್ರೂ ಬರಿಯಮ್ಮ, ಖಾಲಿ ಬಿಡ್ಬೇಡ. ಹಡಗು ಹೊರಟಿದೆ," ಅಂದರು. ಕೈಗೆ ಬಂದದ್ದು ಬರೆದೆ: ಗುಬ್ಬಿ. ಮಗಳು ಸರ್ಕಾರಿ ಕಾಗದದಲ್ಲಿ ಮೊದಲ ಸಲ ಕಾಣಿಸಿಕೊಂಡಿದ್ದಾಳೆ ಎಂದು ಅತ್ತೆಗೆ ಹೇಳಿ ಇಬ್ಬರೂ ನಕ್ಕೆವು.

ಬೇಜಾರೆಂದರೆ ಇನ್ನು ನೀನು ಅವಳನ್ನು ನೋಡುವಂತಿಲ್ಲ. ಕುಂಚವನ್ನೂ ಬಣ್ಣವನ್ನೂ ವಾಪಸು ತೆಗೆದುಕೊಂಡುಬಿಟ್ಟಿದ್ದಾರೆ. ಇರುವ ಬೊಂಬೆಗಳಲ್ಲೇ ಸಮಾಧಾನ ಮಾಡಿಕೋ.

ಬಣ್ಣವಿಲ್ಲದ ಬಣ್ಣದವಳು


ಏಪ್ರಿಲ್ ೧೮

ಜಾಣೆ,

ಸಮಾಧಾನ ಮಾಡಿಕೋ ಎಂದು ಬರೆದು ನನ್ನನ್ನು ಏಮಾರಿಸಲು ನೋಡಿದೆಯಲ್ಲ. ಸರಕು ಬಂತು. ಬರೀ ಬೋಳು ತಲೆಗಳ ಸಾಲು. ಆದರೂ ಅಭ್ಯಾಸಬಲದಿಂದ ಕೆಳಸಾಲಿನ ಎಡಮೂಲೆಗೆ ಕೈ ಹಾಕಿದೆ. ಗುಬ್ಬಿ ಇದ್ದಳು. ಮಚ್ಚೆಯೂ ಇತ್ತು.

ಇಷ್ಟು ದಿನ ನೀನು ಬರೆದಿದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಬಣ್ಣದ ಗೆರೆಯೇ ಕಾಣಿಸುವುದಿಲ್ಲ. ಮುಂದಿನ ಹಲ್ಲು ಬಿದ್ದ ಸಂದಿಯಿಂದ ನಾಲಿಗೆ ತುಸುವೇ ಇಣುಕುತ್ತಿದೆ. ಹಲ್ಲು ಬಿದ್ದ ಸುದ್ದಿಯನ್ನು ಕಾಗದದಲ್ಲಿ ಬರೆಯದೆ ಹೀಗೆ ತಿಳಿಸಿದೆಯಲ್ಲ, ನನಗೆ ಹೊಟ್ಟೆ ತುಂಬಾ ಊಟ ಮಾಡಿದ ಹಾಗಾಯಿತು. ಕನ್ನಡಕದ ಮೇಡಂ ಪಕ್ಕದಲ್ಲೇ ನಿಂತಿದ್ದರು, ಅವರಿಗೆ ಕಾಣಿಸಲೇ ಇಲ್ಲ. "ಎಲ್ಲಾ ಬೋಳು, ಸರಿಯಾಗಿದೆ," ಎಂದು ಮುದ್ರೆ ಒತ್ತಿ ಹೋದರು.

ಹೇಗೆ ಮಾಡಿದೆ? ಬಣ್ಣ ಎಲ್ಲಿಂದ ತಂದೆ?

ನಿನ್ನವನು


ಮೇ ೧೧

ನೋಡು, ಇದರಲ್ಲಿ ತಮಾಷೆ ಬೇಡ.

ನಾನು ಮಾರ್ಚ್‌ನಿಂದ ಕುಂಚ ಮುಟ್ಟಿಲ್ಲ. ಆ ಸರಕಿನ ಒಂದೊಂದು ಬೊಂಬೆಯನ್ನೂ ಕಾಗದದಲ್ಲಿ ಸುತ್ತಿದವಳು ನಾನೇ. ಒಂದಕ್ಕೂ ಮುಖವಿರಲಿಲ್ಲ. ಗುಬ್ಬಿಯ ಹಲ್ಲು ಬಿದ್ದದ್ದು ಸರಕು ಹಡಗು ಹತ್ತಿದ ಮೇಲೆ. ಬಿದ್ದ ದಿನ ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇರಿಯೆಲ್ಲ ತೋರಿಸಿಕೊಂಡು ಬಂದಳು. ನಿನಗೆ ಬರೆಯಬೇಕೆಂದುಕೊಂಡಿದ್ದೆ, ಬರೆದಿರಲಿಲ್ಲ. ನಿನಗೆ ಯಾರು ಹೇಳಿದರು? ನಮ್ಮ ಕಡೆಯವರು ಯಾರಾದರೂ ಅಲ್ಲಿಗೆ ಬಂದಿದ್ದಾರೆಯೇ?

ಅಲ್ಲಿಯ ಯಂತ್ರದವರು ಯಾರೋ ಹಾಕಿರಬೇಕು, ಮಚ್ಚೆ ಎಂದರೆ ಬಣ್ಣದ ಚುಕ್ಕೆ ಸಿಡಿದಿರಬೇಕು ಎಂದು ಅತ್ತೆ ಹೇಳಿದರು. ಇದ್ದರೂ ಇರಬಹುದು. ಆದರೆ ಮುಖ ಹಾಕುವುದು ನಿನ್ನ ಶೆಡ್ಡು ದಾಟಿದ ಮೇಲೆ ಅಲ್ಲವೇ?

ಇಲ್ಲಿ ಎಲ್ಲ ಕ್ಷೇಮ. ನಿಮ್ಮ ಸುಂಕಕ್ಕೆ ಉತ್ತರವಾಗಿ ನಮ್ಮ ಸರ್ಕಾರವೂ ಸುಂಕ ಹಾಕಿದೆ. ರೇಡಿಯೋದಲ್ಲಿ ದಿನವೂ ಜಂಬ. ಅಂಗಡಿಯಲ್ಲಿ ಗುಬ್ಬಿಯ ಕೆಮ್ಮಿನ ಔಷಧಿಯ ಬೆಲೆ ಏರಿದೆ, ಅದು ನಿಮ್ಮ ಕಡೆಯದಂತೆ. ಶಾಲೆಯ ಗುಂಪು ಫೋಟೋ ಬಂತು. ಎಲ್ಲ ಮಕ್ಕಳೂ ಚೆನ್ನಾಗಿ ಬಿದ್ದಿದ್ದಾರೆ, ಇವಳು ಮಾತ್ರ ಅಲ್ಲಾಡಿಬಿಟ್ಟಿದ್ದಾಳೆ. ಕತ್ತಿನ ಮೇಲೆ ಏನೂ ಸರಿಯಾಗಿ ಕಾಣಿಸುವುದಿಲ್ಲ. ಕೂತಲ್ಲಿ ಕೂರುವ ಮಗು ಅಲ್ಲವಲ್ಲ ಇದು.

ಆ ಬೊಂಬೆಯನ್ನು ಇನ್ನೊಮ್ಮೆ ಸರಿಯಾಗಿ ನೋಡಿ ಬರೆ.


ಜೂನ್ ೬

ಬಣ್ಣದವಳೇ,

ಅರ್ಥವಾಯಿತು. ಕಾಗದಗಳನ್ನು ಯಾರೋ ಓದುತ್ತಿದ್ದಾರೆ, ಅಲ್ಲವೇ? ಸರಿ, ನೀನು ಬರೆದಿಲ್ಲ. ನೀನು ಕುಂಚ ಮುಟ್ಟಿಯೇ ಇಲ್ಲ. ಓದುವ ಮಹಾಶಯರೇ, ನನ್ನ ಹೆಂಡತಿ ಸತ್ಯವಂತೆ.

ನಮ್ಮ ನಮ್ಮಲ್ಲಿ ಹೇಳುವುದಾದರೆ, ಈ ಸಲ ನಾಲ್ಕು ಬಂದಿವೆ. ಒಂದರಲ್ಲಿ ನಗುತ್ತಿದ್ದಾಳೆ. ಒಂದರಲ್ಲಿ ತುಟಿ ಉಬ್ಬಿಸಿದ್ದಾಳೆ, ನೀನು ಏನೋ ಗದರಿರಬೇಕು. ಒಂದರಲ್ಲಿ ಕಣ್ಣು ಮುಚ್ಚಿದೆ. ಮುಟ್ಟಿದರೆ ಎಚ್ಚರವಾದೀತು ಎಂದು ಮೆಲ್ಲಗೆ ಎತ್ತಿಟ್ಟೆ. ಕೊನೆಯದರ ಕೆನ್ನೆ ಕೆಂಪಗಿದೆ, ಹಣೆಗೆ ಕೂದಲು ಅಂಟಿದೆ, ಜ್ವರ ಬಂದವಳ ಹಾಗೆ. ಅದನ್ನು ಕಿಟಕಿಯ ಗಾಳಿಗೆ ಬೇಡವೆಂದು ಒಳಗಡೆ ಇಟ್ಟಿದ್ದೇನೆ. ನೀನು ನಗಬೇಡ.

ಇಷ್ಟು ವರ್ಷ ಕೋಣೆಗೆ ಹೋಗಬೇಕಲ್ಲಪ್ಪ ಎಂದು ಹೋಗುತ್ತಿದ್ದೆ. ಈಗ ಕೆಲಸ ಮುಗಿಯುವುದನ್ನೇ ಕಾಯುತ್ತೇನೆ. ಬಾಗಿಲು ತೆಗೆಯುವಾಗ ಚಪ್ಪಲಿ ಸದ್ದು ಮಾಡುತ್ತೇನೆ, ಬಂದದ್ದು ಗೊತ್ತಾಗಲಿ ಎಂದು. ಬಾಗಿಲು ಹಾಕುವಾಗ ಇದ್ದ ಹಾಗೆ ತೆಗೆಯುವಾಗ ಇರುವುದಿಲ್ಲ ಅವು, ತುಸು ತುಸು ಬೇರೆ ಇರುತ್ತವೆ. ನೀನು ಯಾವುದೋ ಹೊಸ ಬಣ್ಣ ಬಳಸಿದ್ದೀಯ, ಬೆಳಕಿಗೆ ತಕ್ಕಂತೆ ಬದಲಾಗುತ್ತದೆ.

ನಮ್ಮ ಮಂತ್ರಿಗಳು ಭಾಷಣ ಮಾಡಿದರು. ಇನ್ನು ಮುಂದೆ ಎಲ್ಲವೂ ಸಮತೋಲವಾಗಬೇಕಂತೆ. ಅವರು ಅಷ್ಟು ಕೊಟ್ಟು ಇಷ್ಟು ತೆಗೆದುಕೊಂಡರೆ ನಡೆಯದಂತೆ. ಕ್ರೇನ್ ಅಜ್ಜ ಕೇಳಿಸಿಕೊಂಡು ಎದ್ದು ಹೋದ.

ಇನ್ನೂ ಕಳಿಸು.

ನಿನ್ನವನು


ಜುಲೈ ೨

ನನ್ನ ಮಾತನ್ನು ಒಂದು ಸಲ ನಂಬು. ಯಾರೂ ಓದುತ್ತಿಲ್ಲ. ಓದಿದರೆ ಓದಲಿ.

ಮೇ ತಿಂಗಳ ಕೊನೆಗೆ ಗುಬ್ಬಿಗೆ ಜ್ವರ ಬಂದಿತ್ತು. ನಿನಗೆ ಗಾಬರಿಯಾದೀತೆಂದು ಹೇಳಿರಲಿಲ್ಲ. ಕೂದಲು ಹಣೆಗೆ ಅಂಟಿಕೊಂಡಿತ್ತು. ನಿನ್ನ ಕಾಗದ ಓದಿ ಮತ್ತೆ ಅವಳ ಹಣೆ ಮುಟ್ಟಿ ನೋಡಿದೆ.

ಹೇಳದೆ ಮುಚ್ಚಿಟ್ಟದ್ದು ಇನ್ನೂ ಇದೆ. ಫೋಟೋದಲ್ಲಿ ಅವಳು ಅಲ್ಲಾಡಿರಲಿಲ್ಲ. ಅಂಗಿಯ ಗುಂಡಿ ಎಣಿಸುವಷ್ಟು ಸ್ಪಷ್ಟವಾಗಿದೆ, ಜಡೆಯ ಟೇಪೂ ಇದೆ. ನಡುವೆ ಮುಖದ ಜಾಗ ಬೋಳಾಗಿದೆ. ಆಮೇಲೆ ಶಾಲೆಯಿಂದ, ನಿಮ್ಮ ಮಗಳು ವಾರದಿಂದ ಬಂದಿಲ್ಲ ಎಂದು ಹೇಳಿ ಕಳಿಸಿದರು. ನಾನೇ ದಿನವೂ ಬಿಟ್ಟು ಬರುತ್ತಿದ್ದೆ. ಹೋಗಿ ನೋಡಿದರೆ ಮೊದಲ ಬೆಂಚಿನಲ್ಲೇ ಕೂತಿದ್ದಾಳೆ, ಮೇಷ್ಟರು ಅವಳ ಮೇಲಿಂದ ಹಿಂದಿನವಳನ್ನು ನೋಡಿ ಪಾಠ ಮಾಡುತ್ತಿದ್ದಾರೆ. ಮೂಲೆಯ ಅಂಗಡಿಯವನು ದಿನಾ ಕೇಳುತ್ತಾನೆ, ಇದು ಯಾರ ಮಗು ಎಂದು. ಅತ್ತೆ ನಿನ್ನೆ ಅವಳಿಗೆ ಊಟ ಬಡಿಸಿ ನನ್ನ ಕಿವಿಯಲ್ಲಿ ಹೇಳಿದರು: "ಪಾಪ, ಯಾರದೋ ಮಗು, ಚೆನ್ನಾಗಿ ಮಾತಾಡುತ್ತೆ. ಗುಬ್ಬಿ ಬಂದ್ಮೇಲೆ ಇಬ್ರೂ ಆಡ್ಕೊಳ್ಲಿ."

ಗುಬ್ಬಿಗೂ ತಿಳಿದಿದೆ. ಬೆಳಿಗ್ಗೆ ತಲೆ ಬಾಚುವಾಗ ಕೇಳಿದಳು: "ಅಮ್ಮಾ, ಕನ್ನಡಿ ಯಾಕೆ ನನ್ ಜೊತೆ ಟೂ ಬಿಟ್ಟಿದೆ?" ನಾನು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

ಮೊನ್ನೆ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಕಾಯುತ್ತಿದ್ದೆ. ಮಕ್ಕಳೆಲ್ಲ ಓಡಿ ಬಂದರು. ನನ್ನ ಮಗಳು ಯಾರೆಂದು ನನಗೆ ಗೊತ್ತಾಗಲಿಲ್ಲ. ಅವಳೇ ಬಂದು ನನ್ನ ಬೆರಳು ಹಿಡಿದಳು. ದಾರಿಯುದ್ದಕ್ಕೂ ಅಳುತ್ತಲೇ ಬಂದೆ ನಾನು.

ಇದು ಆ ನಮೂನೆಯ ಕೆಲಸ. ಮುಖವನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು ಎಂದು ಬರೆದಿತ್ತು, ಯಾರದೆಂದು ಕೇಳಿತ್ತು, ನಾನು ಹೇಳಿದೆ. ಕಳುಹಿಸಲಾಗುತ್ತಿದೆ. ಸುಂಕದ ಕಚೇರಿಗೆ ಹೋದೆ, ಕೌಂಟರಿನವನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಅವನು ತಲೆ ಎತ್ತದೆ ಹೇಳಿದ: "ಹೋದದ್ದು ಹೋಯ್ತಮ್ಮ. ಮುಖ ಇರೋದು ಯಾವುದೂ ಆ ದೇಶದಿಂದ ವಾಪಸ್ ಬರೋ ಹಾಗಿಲ್ಲ, ನಾವೂ ಆರ್ಡರ್ ಮಾಡಿದೀವಿ. ಖಾಲಿ ಪೆಟ್ಟಿಗೆ ಮಾತ್ರ ಬರುತ್ತೆ. ಅಲ್ಲಿ ಸರಕಿನ ಮೇಲೆ ಮುಖ ಉಳೀದೆ ಹೋದ್ರೆ ಫೈಲು ತಾನಾಗೇ ಮುಚ್ಚುತ್ತೆ." ಇಂಥ ಪ್ರಶ್ನೆಯನ್ನು ದಿನಾ ಕೇಳಿಸಿಕೊಳ್ಳುವವನ ಹಾಗೆ ಹೇಳಿದ.

ಮುಂದಿನ ನಮೂನೆಗಳಲ್ಲಿ ಅವಳ ಹೆಸರು ಇರುವುದಿಲ್ಲ, ಮಾಲೀಕರೊಡನೆ ಜಗಳವಾಡಿ ಹೊಡೆದು ಹಾಕಿಸಿದ್ದೇನೆ. ಬಂದಿರುವುದನ್ನು ನೀನು ಅಳಿಸಬೇಕು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಾಯಿಂದ ಶುರುಮಾಡು, ಆಮೇಲೆ ಮೂಗು, ಕೊನೆಗೆ ಕಣ್ಣು. ಕಣ್ಣಿನಿಂದ ಶುರುಮಾಡಿದರೆ ನಿನ್ನ ಕೈಲಾಗುವುದಿಲ್ಲ. ನಾನು ನನ್ನ ಕೈಯಾರೆ ಬರೆದ ಹಳೆಯ ಬೊಂಬೆಗಳೂ ಅವುಗಳ ಜೊತೆ ಕೂತಿವೆ, ಅವನ್ನೂ ಬಿಡಬೇಡ. ಒಂದನ್ನೂ ಬಿಡಬೇಡ.


ಜುಲೈ ೩೦

ಅಳಿಸಿದ್ದೇನೆ. ಎಲ್ಲವನ್ನೂ. ನೀನು ಹೇಳಿದ ಹಾಗೆಯೇ.

ಇಲ್ಲಿ ಹಡಗುಗಳು ಒಳಗೆ ಬರದೆ ದೂರದಲ್ಲೇ ನಿಂತಿವೆ. ಸುಂಕ ಇಳಿಯುತ್ತದೆಂದು ಕಾಯುತ್ತಿವೆಯಂತೆ. ಶೆಡ್ಡಿನಲ್ಲಿ ಕೆಲಸ ಕಡಿಮೆ. ನಿನ್ನ ಬೆನ್ನುನೋವು ಹೇಗಿದೆ? ಅಮ್ಮನಿಗೆ ಕೇಳಿದೆನೆಂದು ಹೇಳು.


ಆಗಸ್ಟ್ ೨೧

ನೀನು ಅಳಿಸಿಲ್ಲ.

ಬೆನ್ನುನೋವಂತೆ. ಮಗಳ ಹೆಸರನ್ನೇ ಎತ್ತದೆ ಕಾಗದ ಮುಗಿಸಿದಾಗಲೇ ಗೊತ್ತಾಯಿತು. ನಿನ್ನ ಸುಳ್ಳನ್ನು ಹಿಡಿಯಲು ನನಗೆ ಶೆಡ್ಡೂ ಬೇಡ, ಕನ್ನಡಕದ ಮೇಡಮ್ಮೂ ಬೇಡ.

ಇವಳನ್ನು ನೋಡಲು ಹೋದರೆ ಈಗ ಕಣ್ಣು ಜಾರುತ್ತದೆ. ಮಾತಾಡುತ್ತಾಳೆ, ಹಟ ಮಾಡುತ್ತಾಳೆ, ಹಲ್ಲಿನ ಸಂದಿಯಿಂದ 'ಸ' ಎನ್ನುವ ಬದಲು 'ತ' ಅನ್ನುವುದೂ ಕೇಳಿಸುತ್ತದೆ. ಆದರೆ ಹಲ್ಲೆಲ್ಲಿದೆ ಎಂದು ನೋಡಿದರೆ ನನಗೆ ಗೋಡೆ ಕಾಣುತ್ತದೆ. ಕದ್ದು ಒಂದು ಕುಂಚ ತಂದು, ನೆನಪಿನಿಂದಲಾದರೂ ಅವಳ ಮುಖ ಬರೆದಿಟ್ಟುಕೊಳ್ಳೋಣ ಎಂದು ಕೂತೆ. ಮೂಗು ಬರಲಿಲ್ಲ. ನೀನು ಹೋದಾಗಿನಿಂದ ಸರಕಿಗೊಂದರಂತೆ ಬರೆದ ಮೂಗು. ಕೈ ಗಾಳಿಯಲ್ಲೇ ನಿಂತಿತು.

ಅವಳೀಗ ಹೊರಗೆ ಹೋಗಲು ಒಲ್ಲೆ ಅನ್ನುತ್ತಾಳೆ. ರಸ್ತೆಯಲ್ಲಿ ಜನ ಅವಳನ್ನು ನೋಡದೆ ತುಳಿಯುತ್ತಾರೆ. ನಿನ್ನೆ ಒಬ್ಬ ಸೈಕಲ್ಲಿನವನು ಹಾಯ್ದೇ ಬಿಡುತ್ತಿದ್ದ.

ನಿನಗೆ ಒಂಟಿತನ, ಗೊತ್ತು. ನಾನು ಕಲ್ಲಲ್ಲ. ಆದರೆ ಒಂದು ಮಾತು ಕೇಳುತ್ತೇನೆ, ಉತ್ತರ ಹೇಳು. ನೀನು ಇವಳಿಗೆ ಅಪ್ಪನೋ, ಗಿರಾಕಿಯೋ?


ಸೆಪ್ಟೆಂಬರ್ ೧೫

ಬಣ್ಣದವಳೇ,

ಹತ್ತಿಯನ್ನೂ ಸ್ಪಿರಿಟ್ಟನ್ನೂ ಅವತ್ತೇ ತಂದಿದ್ದೆ. ಬಾಟಲಿಯ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಬಾಗಿಲು ತೆಗೆದರೆ ಎದುರು ನೋಡುವವರು ಇರುವುದು ಎಂದರೇನೆಂದು ನಾನು ಮರೆತೇಬಿಟ್ಟಿದ್ದೆ. ಮತ್ತೆ ಕಲಿತ ಮೇಲೆ ಬಿಡಲಾಗಲಿಲ್ಲ. ನೀನು ಹೆದರಿಸುತ್ತಿದ್ದೀಯ, ನಿನಗೆ ಹೊಟ್ಟೆಕಿಚ್ಚು ಎಂದು ಕೂಡ ಅಂದುಕೊಂಡೆ. ನೋಡು, ಎಲ್ಲಿಯವರೆಗೆ ಹೋಗಿದ್ದೆ.

ನಿನ್ನ ಕಾಗದ ಬಂದ ದಿನ ಮಧ್ಯಾಹ್ನ ಒಂದು ಖಾಲಿ ಕಂಟೇನರಿನೊಳಗೆ ನಿಂತಿದ್ದೆ. ಬಾಗಿಲು ಹಾಕಿದರು. ಎದುರಿನ ತಗಡಿನಲ್ಲಿ ಒಂದೇ ಒಂದು ತೂತು, ನನ್ನ ಮೊಣಕೈ ಎತ್ತರದಲ್ಲಿ ಬೆಳಕಿನ ಚುಕ್ಕೆ. ಸುಣ್ಣ ಹಚ್ಚಲು ಬಗ್ಗಿದಾಗ ಆ ಚುಕ್ಕೆ ಮುಚ್ಚಿಕೊಂಡು ಮತ್ತೆ ತೆರೆಯಿತು, ಯಾರೋ ನಡುವೆ ಹಾದುಹೋದ ಹಾಗೆ. ಹೊರಗಿನಿಂದಲ್ಲ, ಒಳಗಿನಿಂದ. ನಾನು ಬಾಗಿಲು ಬಡಿದೆ. ತೆಗೆದರೆ ಒಳಗೆ ಏನೂ ಇರಲಿಲ್ಲ. ಹೊರಗಿನವರು "ಖಾಲಿ" ಎಂದು ಕೂಗಿ ಬರೆದುಕೊಂಡರು.

ಕೋಣೆಗೆ ಓಡಿ ಬಂದೆ. ಚಪ್ಪಲಿ ಸದ್ದು ಮಾಡಲಿಲ್ಲ. ಎಲ್ಲ ಗುಬ್ಬಿಗಳೂ ನನ್ನ ಮಂಚಕ್ಕೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿದ್ದವು. ಕಿಟಕಿಯಲ್ಲಿ ಕಾಣುವುದು ಬಂದರು, ಅದರಾಚೆ ನೀರು, ನಿನ್ನ ಕಡೆಯ ದಿಕ್ಕು. ನಾನು ಇಷ್ಟು ದಿನ ಅವು ನನ್ನನ್ನು ನೋಡುತ್ತಿವೆ ಎಂದುಕೊಂಡಿದ್ದೆ. ಚಪ್ಪಲಿಯ ಸದ್ದು ಕೇಳಿ ನನಗೋಸ್ಕರ ತಿರುಗಿ ಕೂರುತ್ತಿದ್ದವು, ಅಷ್ಟೆ. ಮಗು ತನ್ನ ತಾಯಿಯನ್ನು ಹುಡುಕುತ್ತಿತ್ತು, ನಾನು ಮಾತಿಗೆ ಎಳೆಯುತ್ತಿದ್ದೆ.

ಮರುದಿನ ರಜೆ. ಬೆಳಕಿಗೆ ಕಿಟಕಿ ತೆಗೆದಿಟ್ಟು ಶುರುಮಾಡಿದೆ. ಬಾಯಿ, ಮೂಗು, ಕಣ್ಣು. ನಗುವುದನ್ನು ಮೊದಲು ಒರೆಸಿದೆ, ಅದು ಕೊನೆಯವರೆಗೂ ನಗುತ್ತಲೇ ಇತ್ತು. ಕಣ್ಣು ಮುಚ್ಚಿದ್ದನ್ನು ಒರೆಸುವುದು ಸುಲಭ ಎಂದುಕೊಂಡಿದ್ದೆ. ಹತ್ತಿ ತಗುಲಿದಾಗ ತೆರೆಯಿತು. ಬೊಚ್ಚುಬಾಯಿಯದು ಎಲ್ಲಕ್ಕಿಂತ ಹಳೆಯದು, ನೀನು ಮೊದಲ ಸಲ ಕಳಿಸಿದ್ದು. ಅದರ ಮುಂದೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಅದನ್ನೂ ಒರೆಸಿದೆ. ಎಲ್ಲ ಮುಖಗಳೂ ಹೋದವು. ಇದು ಸುಳ್ಳಲ್ಲ.

ಈಗ ಕಣ್ಣು ಮುಚ್ಚಿದರೆ ನನಗೆ ಅವಳು ಕಾಣಿಸುತ್ತಿಲ್ಲ. ಜಡೆ ಕಾಣಿಸುತ್ತದೆ, ಅಂಗಿ ಕಾಣಿಸುತ್ತದೆ. ಅವಳು ಹೇಗಿದ್ದಾಳೆ ಎಂದು ಬರೆ. ಇದ್ದಾಳೆ ಎಂದಾದರೂ ಬರೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.


ಅಕ್ಟೋಬರ್ ೧೦

ನನ್ನ ಸಾಹೇಬರೇ,

ಇದ್ದಾಳೆ.

ನೀನು ಒರೆಸಿದ್ದು ಯಾವ ದಿನ ಎಂದು ನೀನು ಬರೆಯದಿದ್ದರೂ ನನಗೆ ಗೊತ್ತಾಗುತ್ತಿತ್ತು. ಅವತ್ತು ಅತ್ತೆ ಅಡುಗೆಮನೆಯಿಂದ, "ಲೇ ಗುಬ್ಬಿ, ಸಕ್ಕರೆ ಡಬ್ಬ ಇಳಿಸ್ದೋಳು ನೀನೇ ತಾನೆ," ಎಂದು ಕೂಗಿದರು. ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ತಿರುಗಿದೆ. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಇಲ್ಲ ಇಲ್ಲ ಎಂದು ತಲೆ ಆಡಿಸುತ್ತಿದ್ದಾಳೆ, ನನ್ನ ಮಗಳು. ಮೂಗು ಅಲ್ಲೇ ಇತ್ತು. ನಾನು ಅವಳಿಗೆ ಬೈಯಲಿಲ್ಲ, ಅತ್ತೆಗೆ ಅದೇ ಸಿಟ್ಟು.

ಈಗ ಮೇಷ್ಟರು ಹೆಸರು ಕೂಗುತ್ತಾರೆ. ಅಂಗಡಿಯವನು ಹಳೆಯ ಹಾಗೆ ಬಾಯಿ ತುಂಬ ಮಾತಾಡಿಸುತ್ತಾನೆ. ಕನ್ನಡಿಯ ಜೊತೆ ರಾಜಿಯಾಗಿದೆ. ಹೇಗಿದ್ದಾಳೆ ಎಂದು ಕೇಳಿದೆಯಲ್ಲ: ಮುಂದಿನ ಹಲ್ಲು ಅರ್ಧ ಬಂದಿದೆ, ಸೊಟ್ಟಗೆ. ಹುಬ್ಬು ನಿನ್ನದು, ಸಿಟ್ಟು ನನ್ನದು. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಸಣ್ಣಗಾಗುತ್ತದೆ.

ಕಾರ್ಖಾನೆಯ ಸುದ್ದಿ ಕೇಳು. ಅವಳ ಹೆಸರು ಹೊಡೆಸಿದ ಮೇಲೆ ಆ ಜಾಗ ಖಾಲಿ ಬಿಡುವಂತಿಲ್ಲವೆಂದು ಮಾಲೀಕರು ಅವಸರದಲ್ಲಿ ತಮ್ಮದೇ ಹೆಸರು ಬರೆದು ಕಳಿಸಿದ್ದರಂತೆ. ಈಗ ಗೇಟಿನ ಕಾವಲಿನವನು ಅವರನ್ನು ಒಳಗೆ ಬಿಡುವುದಿಲ್ಲ. ಅವರ ಕುರ್ಚಿಯ ಹತ್ತಿರ ಯಾರೋ ಕೆಮ್ಮಿದ ಹಾಗಾಗುತ್ತದೆ, ನಾವು ತಲೆ ತಗ್ಗಿಸಿ ಬೊಂಬೆ ಸುತ್ತುತ್ತಲೇ ಇರುತ್ತೇವೆ. ನಿಮ್ಮ ಕಡೆ ಬೋಳು ತಲೆಯ, ದಪ್ಪ ಮೀಸೆಯ ಬೊಂಬೆ ಕಂಡರೆ ದಯವಿಟ್ಟು ಒರೆಸು. ಒಳ್ಳೆಯ ಮನುಷ್ಯ. ನನ್ನ ಸಂಬಳವೂ ಅವರ ಕೈಯಲ್ಲೇ ಇದೆ.

ಇನ್ನೊಂದು ಮಾತು. ನಿನ್ನೆ ಗುಬ್ಬಿಯ ತಲೆ ತೊಳೆಯುವಾಗ ಕೂದಲೆತ್ತಿ ನೋಡಿದೆ. ಎಡಕಿವಿಯ ಕೆಳಗೆ ಮಚ್ಚೆ ಇಲ್ಲ. ಹುಟ್ಟುಮಚ್ಚೆ, ಉಜ್ಜಿದರೆ ಹೋಗುವಂಥದ್ದಲ್ಲ. ಚರ್ಮ ನುಣ್ಣಗಿದೆ.

ಮುಖಗಳೆಲ್ಲ ಹೋದವು ಎಂದು ಬರೆದೆ, ಅದು ನಿಜ. ಯಾವುದೋ ಒಂದು ಬೊಂಬೆಯಲ್ಲಿ, ನನ್ನ ಲೆಕ್ಕದಲ್ಲಿ ಬೊಚ್ಚುಬಾಯಿಯದರಲ್ಲಿ, ಬಾಯಿ ಮೂಗು ಕಣ್ಣು ಒರೆಸಿ ಆ ಒಂದು ಚುಕ್ಕೆಯ ಹತ್ತಿರ ಬಂದಾಗ ನಿನ್ನ ಕೈ ನಿಂತಿದೆ. ಬೋಳು ಬೊಂಬೆಯನ್ನು ಅದೊಂದು ಚುಕ್ಕೆಯ ಜೊತೆ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದೀಯ. ಸಿಟ್ಟು ಬಂತು, ಮೊದಲು. ಆಮೇಲೆ ಬಕೆಟ್ಟಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಗುಬ್ಬಿ ಯಾಕೆ ಎಂದು ಕೇಳಿದಳು. ಹೇಳಿದೆ, ನಿನ್ನ ಮಚ್ಚೆ ಅಪ್ಪನ ಹತ್ತಿರ ಇದೆ ಎಂದು. ಅವಳು ಕಿವಿಯ ಕೆಳಗೆ ಮುಟ್ಟಿ ನೋಡಿಕೊಂಡಳು.

"ಇರ್ಲಿ ಬಿಡಮ್ಮ," ಅಂದಳು. "ಆದ್ರೆ ಅಪ್ಪಂಗೆ ಹೇಳು, ಕಳಿಸ್ಬಾರ್ದು. ತಾನೇ ತಗೊಂಡ್ ಬರ್ಬೇಕು."